ಮಾರುವ ಮನೆಗೆ ಬಣ್ಣ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಮಾಡಿದ ಹಿರಿಯರು ಮನೆಯನ್ನು ಮಾರಿ ನೋಡಿರಲಿಲ್ಲವೆಂದು ಕಾಣುತ್ತದೆ. ನೋಡಿದ್ದರೆ ಆ ಗಾದೆಗೆ ಮೂರನೆಯ ಸಾಲೊಂದು ತಾನಾಗಿಯೇ ಹುಟ್ಟಿಕೊಳ್ಳುತ್ತಿತ್ತು. ಕಟ್ಟುವಾಗ ಇರುವುದು ಹಣದ ಚಿಂತೆಯೊಂದೇ. ಮಾರುವಾಗಲಾದರೋ ಹಣದ ಚಿಂತೆಯ ಜೊತೆಗೆ ನೆನಪುಗಳ ಕಾಟ, ಒಡಹುಟ್ಟಿದವರ ಲೆಕ್ಕಾಚಾರ, ದಲ್ಲಾಳಿಯ ಬುದ್ಧಿವಾದ, ನೆರೆಹೊರೆಯವರ ಮರುಕ ಎಲ್ಲವೂ ಬಂದು ಸೇರುತ್ತವೆ. ಇವೆಲ್ಲದರ ನಡುವೆ ಒಂದು ಪ್ರಶ್ನೆ ತಪ್ಪದೆ ಎದ್ದು ನಿಲ್ಲುತ್ತದೆ: ಹಳೆಯ ಮನೆಯನ್ನು ಮಾರುವುದಕ್ಕೆ ಮೊದಲು ದುರಸ್ತಿ ಮಾಡಿಸಬೇಕೆ, ಬೇಡವೆ? ಮಾಡಿಸುವುದಾದರೆ ಎಷ್ಟರ ಮಟ್ಟಿಗೆ? ಇದು ದೊಡ್ಡವರ ವ್ಯವಹಾರ, ಒಂಬತ್ತನೆಯ ತರಗತಿಯವರಿಗೆ ಇದರಿಂದ ಆಗಬೇಕಾದುದೇನು ಎಂದು ನೀವು ಕೇಳಬಹುದು. ಆದರೆ ನಿಮ್ಮಲ್ಲಿ ಹಲವರು ಮುಂದೊಂದು ದಿನ ಅಜ್ಜನ ಮನೆಯ ಮುಂದೆ ಬೀಗದ ಕೈ ಹಿಡಿದು ನಿಂತು ಇದೇ ಪ್ರಶ್ನೆಯನ್ನು ಕೇಳಿಕೊಳ್ಳಬೇಕಾಗುತ್ತದೆ. ನಾನು ಕೇಳಿಕೊಂಡಾಗ ನನಗೆ ಐವತ್ತೆಂಟು ವರ್ಷ ಕಳೆದಿತ್ತು. ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಪಾಠ ಹೇಳಿ ಮುಗಿಸಿದ್ದೆ. ಆದರೂ ನಾನು ಮೊದಲು ಕೊಟ್ಟುಕೊಂಡ ಉತ್ತರ ತಪ್ಪಾಗಿತ್ತು. ಆ ತಪ್ಪಿನಿಂದಲೇ ಮಾತನ್ನು ಆರಂಭಿಸುವುದು ಪ್ರಾಮಾಣಿಕತೆಯೆಂದು ಭಾವಿಸುತ್ತೇನೆ.

ಆ ಮನೆಯನ್ನು ನಮ್ಮ ತಾತ ತಿಪಟೂರಿನಲ್ಲಿ ೧೯೩೬ರಲ್ಲಿ ಕಟ್ಟಿಸಿದರು. ಕೊಬ್ಬರಿಯ ವ್ಯಾಪಾರಕ್ಕೆ ಹೆಸರಾದ ಊರು ಅದು. ಮನೆಯ ಮುಂಭಾಗದ ಜಗಲಿ, ನಡುಮನೆಗಳಿಗೆ ಮಂಗಳೂರು ಹೆಂಚಿನ ಮಾಡು. ಹಿಂಭಾಗದ ಅಡಿಗೆಮನೆ, ದೇವರ ಮನೆ, ಉಗ್ರಾಣಗಳಿಗೆ ಮದರಾಸು ತಾರಸಿ. ಈ ಎರಡು ಹೆಸರುಗಳೂ ಈಚೆಗೆ ಅಪರಿಚಿತವಾಗುತ್ತಿರುವುದರಿಂದ ಎರಡು ಮಾತು ಹೇಳುವುದು ಅಗತ್ಯ. ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಒಂದರ ಅಂಚು ಮತ್ತೊಂದರ ಅಂಚನ್ನು ಕಚ್ಚಿಕೊಂಡು ಕೂರುವ ಆ ಕೆಂಪು ಹೆಂಚು ನಮ್ಮ ನಾಡಿನ ಮನೆಗಳ ಮುಖವನ್ನೇ ಬದಲಾಯಿಸಿತು. ಮದರಾಸು ತಾರಸಿಯ ಕ್ರಮವೇ ಬೇರೆ. ಅದರಲ್ಲಿ ಸಿಮೆಂಟೂ ಇಲ್ಲ, ಕಂಬಿಯೂ ಇಲ್ಲ. ಗೋಡೆಯಿಂದ ಗೋಡೆಗೆ ದಪ್ಪ ತೊಲೆ. ತೊಲೆಯ ಮೇಲೆ ಒತ್ತೊತ್ತಾಗಿ ಜಂತೆಗಳು. ಜಂತೆಗಳ ಮೇಲೆ ತೆಳುವಾದ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾದ ಸಾಲುಗಳಲ್ಲಿ ಸುಣ್ಣದ ಗಾರೆಯಿಂದ ಬಿಗಿಯುತ್ತಿದ್ದರು. ಅದರ ಮೇಲೆ ಇಟ್ಟಿಗೆಯ ಚೂರೂ ಸುಣ್ಣವೂ ಬೆರೆತ ಗಚ್ಚನ್ನು ಹರಡಿ, ಹೆಂಗಸರು ಸಾಲಾಗಿ ಕುಳಿತು ಮರದ ಕೊಡತಿಗಳಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಗಾರೆಗೆ ಬೆಲ್ಲದ ನೀರನ್ನೂ ಅಳಲೆಕಾಯಿಯ ನೀರನ್ನೂ ಸೇರಿಸುತ್ತಿದ್ದುದುಂಟು. ಬೇಸಗೆಯ ಮಧ್ಯಾಹ್ನ ಆ ಉಗ್ರಾಣದ ನೆಲದ ಮೇಲೆ ಮಲಗಿದವರಿಗೆ ಆ ತಾರಸಿಯ ಬೆಲೆ ಏನೆಂಬುದು ಬೇರೆ ಹೇಳಬೇಕಾಗಿಲ್ಲ.

ನಮ್ಮ ತಂದೆ ೨೦೧೪ರಲ್ಲಿಯೂ ತಾಯಿ ೨೦೧೭ರಲ್ಲಿಯೂ ತೀರಿಕೊಂಡರು. ಮನೆಗೆ ಬೀಗ ಬಿತ್ತು. ನಾನು ಹಾಸನದಲ್ಲಿ, ತಮ್ಮ ಬೆಂಗಳೂರಿನಲ್ಲಿ, ತಂಗಿ ಶಿವಮೊಗ್ಗದಲ್ಲಿ. ಮೂವರಲ್ಲಿ ಯಾರೂ ತಿಪಟೂರಿಗೆ ಹಿಂದಿರುಗುವವರಲ್ಲ. ವಾಸವಿಲ್ಲದ ಮನೆ ಎಷ್ಟು ಬೇಗ ಮುಪ್ಪಾಗುತ್ತದೆಂಬುದನ್ನು ನಾನು ಆ ಎರಡು ವರ್ಷಗಳಲ್ಲಿ ಕಂಡೆ. ಜನರಿರುವ ಮನೆಯಲ್ಲಿ ಹೆಂಚೊಂದು ಜಾರಿದರೆ ಮೊದಲ ಮಳೆಗೇ ಗೊತ್ತಾಗುತ್ತದೆ. ಸೊಸೆ ಪಾತ್ರೆ ಇಡುತ್ತಾಳೆ, ಮಗ ಏಣಿ ಹಾಕುತ್ತಾನೆ. ಗೋಡೆಯ ಮೂಲೆಯಲ್ಲಿ ಗೆದ್ದಲು ಮಣ್ಣಿನ ದಾರಿ ಕಟ್ಟಿದರೆ ಬೆಳಗಿನ ಪೊರಕೆ ಅದನ್ನು ಸಂಜೆಯವರೆಗೆ ಉಳಿಯಗೊಡುವುದಿಲ್ಲ. ಬೀಗ ಹಾಕಿದ ಮನೆಯಲ್ಲಿ ಜಾರಿದ ಹೆಂಚು ಜಾರಿದಂತೆಯೇ ಇರುತ್ತದೆ. ಗೆದ್ದಲಿನ ಸಂಸಾರ ನೆಮ್ಮದಿಯಾಗಿ ಬೆಳೆಯುತ್ತದೆ. ಆದುದರಿಂದ ೨೦೧೯ರ ಬೇಸಗೆಯಲ್ಲಿ ಮನೆಯನ್ನು ಮಾರಿಬಿಡುವುದೆಂದು ಮೂವರೂ ಒಪ್ಪಿಕೊಂಡೆವು.

ದಲ್ಲಾಳಿ ಬಂದರು. ಒಳ್ಳೆಯ ಮನುಷ್ಯ, ಮಾತಿನಲ್ಲಿ ಜಾಣ. ಮನೆಯನ್ನೆಲ್ಲ ಸುತ್ತಿ ನೋಡಿ ದೇವರ ಮನೆಯ ಪಕ್ಕದ ಕೋಣೆಗೆ ಬಂದು ನಿಂತರು. ಅಲ್ಲಿ ಪಶ್ಚಿಮದ ಗೋಡೆಯ ಮೇಲೆ ಸೂರಿನಿಂದ ಸೊಂಟದೆತ್ತರದವರೆಗೆ ನೀರಿಳಿದ ಕಂದು ಕಲೆ. ಅದರ ಅಂಚಿಗೆ ಬಿಳಿಯ ಉಪ್ಪು ಹೂಬಿಟ್ಟಿತ್ತು. “ಮೇಷ್ಟ್ರೇ, ಇದೊಂದನ್ನು ಮುಚ್ಚಿಸಿಬಿಡಿ. ಒಳ್ಳೆ ಬಣ್ಣ ಎರಡು ಸಲ ಹೊಡೆಸಿದರೆ ಸಾಕು. ಬೇಸಗೆಯಲ್ಲೇ ತೋರಿಸೋಣ, ಮಳೆ ಹಿಡಿಯುವುದರೊಳಗೆ ನೋಂದಣಿ ಮುಗಿಸೋಣ” ಎಂದರು. ಈ ಮಾತು ನನಗೆ ಅಸಹ್ಯವಾಗಬೇಕಾಗಿತ್ತು. ಆಗಲಿಲ್ಲ. ಎಲ್ಲರೂ ಮಾಡುವುದು ತಾನೆ ಎನ್ನಿಸಿತು. ಮುಂದಿನ ವಾರವೇ ಬಣ್ಣದವನನ್ನು ಕರೆಸಿ ಆ ಗೋಡೆಯನ್ನು ಹಾಲಿನಂತೆ ಬೆಳ್ಳಗೆ ಮಾಡಿಸಿದೆ. ತಮ್ಮ ಬೆಂಗಳೂರಿನಿಂದ ದೂರವಾಣಿಯಲ್ಲಿ ಇನ್ನೊಂದು ಸಲಹೆ ಕೊಟ್ಟ: ಆ ಕೋಣೆಯ ತೊಲೆ ಕಪ್ಪಗೆ ಕಾಣುತ್ತದೆ, ಅದರ ಕೆಳಗೆ ಜಿಪ್ಸಮ್ ಹಲಗೆಯ ಹುಸಿ ಚಾವಣಿಯೊಂದನ್ನು ಹೊಂದಿಸಿಬಿಟ್ಟರೆ ಮನೆಗೆ ಹೊಸ ಕಳೆ ಬರುತ್ತದೆ. ಅದಕ್ಕೂ ಹೂಂ ಎಂದೆ.

ನಮ್ಮ ಕಡೆಯ ದನದ ಜಾತ್ರೆಗಳನ್ನು ನೋಡಿದವರಿಗೆ ಈ ಕಲೆ ಹೊಸದಲ್ಲ. ಮಾರುವ ಹಿಂದಿನ ದಿನದಿಂದ ಹಸುವಿನ ಹಾಲು ಕರೆಯದೆ ಬಿಟ್ಟು ಕೆಚ್ಚಲು ತುಂಬಿದಂತೆ ತೋರಿಸುವವರುಂಟು. ಎತ್ತಿನ ಕೋಡನ್ನು ಹೆರೆದು, ಎಣ್ಣೆ ತಿಕ್ಕಿ, ಕುಚ್ಚು ಕಟ್ಟಿ ವಯಸ್ಸನ್ನು ಮರೆಸುವವರುಂಟು. ಹಾಗೆಂದು ಕೊಳ್ಳುವ ರೈತನೇನೂ ಮುಗ್ಧನಲ್ಲ. ಅವನು ಕೋಡನ್ನು ನೋಡುವುದಕ್ಕೆ ಮೊದಲು ಬಾಯಿ ಬಿಡಿಸಿ ಹಲ್ಲೆಣಿಸುತ್ತಾನೆ, ನೊಗ ಕಟ್ಟಿ ನಾಲ್ಕು ಹೆಜ್ಜೆ ನಡೆಸುತ್ತಾನೆ. ಆದರೆ ಮನೆಗೆ ಹಲ್ಲೆಲ್ಲಿದೆ? ಕೊಳ್ಳುವವನು ಅರ್ಧ ಗಂಟೆ ಬಂದು ನೋಡಿ ಹೋಗುತ್ತಾನೆ. ಗೋಡೆಯ ಒಡಲಿನಲ್ಲಿ ಏನಿದೆ, ತೊಲೆಯ ತುದಿಯಲ್ಲಿ ಏನಾಗಿದೆ ಎಂಬುದನ್ನು ಆ ಅರ್ಧ ಗಂಟೆ ಹೇಳುವುದಿಲ್ಲ.

ಹುಸಿ ಚಾವಣಿಯ ಕೆಲಸಕ್ಕೆ ಅಳತೆ ನೋಡಲು ನಾನು ಕರೆದದ್ದು ನಮ್ಮ ತಂದೆಯ ಕಾಲದಿಂದಲೂ ಪರಿಚಿತರಾದ ಗಾರೆಯ ಮೇಸ್ತ್ರಿಯೊಬ್ಬರನ್ನು. ಎಪ್ಪತ್ತು ದಾಟಿದ ಜೀವ. ಅವರು ಅಳತೆಯ ಪಟ್ಟಿಯನ್ನು ಹೊರಗೆ ತೆಗೆಯಲೇ ಇಲ್ಲ. ಏಣಿ ಹತ್ತಿ, ಸುತ್ತಿಗೆಯ ಹಿಡಿಯಿಂದ ತೊಲೆಯನ್ನು ಕೋಣೆಯ ನಡುವಿನಿಂದ ಗೋಡೆಯ ಕಡೆಗೆ ಬಡಿಯುತ್ತ ಹೋದರು. ನಡುವೆ ಗಟ್ಟಿಯಾದ ನಾದ. ಗೋಡೆ ಹತ್ತಿರವಾದಂತೆ ಅದು ಒಡಕು ಮಡಕೆಯ ಸದ್ದಾಯಿತು. ಉಳಿಯನ್ನು ತೆಗೆದು ಒತ್ತಿದರು. ಅದು ಬೆಲ್ಲದ ಅಚ್ಚಿನೊಳಗೆ ಹೋದಂತೆ ನಾಲ್ಕು ಬೆರಳು ಒಳಗೆ ಹೋಯಿತು. ಕೆಳಗಿಳಿದು ಬಂದು, ಹೊಸ ಬಣ್ಣದ ಗೋಡೆಯನ್ನೊಮ್ಮೆ ನೋಡಿ, “ಸ್ವಾಮಿ, ಚಾವಣಿ ಹೊಡ್ಕೊಡ್ತೀನಿ, ಅದೇನು ದೊಡ್ಡ ಕೆಲಸವಲ್ಲ. ತಗೊಳೋರಿಗೆ ಈ ತೊಲೆ ವಿಷಯ ಹೇಳ್ತೀರಾ?” ಎಂದು ಕೇಳಿದರು. ನಾನು ಉತ್ತರ ಕೊಡಲಿಲ್ಲ. ಅವರೂ ಮತ್ತೆ ಕೇಳಲಿಲ್ಲ. ಜಗಲಿಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚತೊಡಗಿದರು.

ತೊಲೆ ಹಾಗೇಕಾಯಿತೆಂಬುದನ್ನು ಅವರೇ ಆಮೇಲೆ ತೋರಿಸಿಕೊಟ್ಟರು. ಹೆಂಚಿನ ಮಾಡೂ ತಾರಸಿಯೂ ಕೂಡುವ ಕಡೆ ನೀರು ಹರಿದುಹೋಗಲೆಂದು ತಗಡಿನ ದೋಣಿಯೊಂದಿತ್ತು. ಅದು ತುಕ್ಕು ಹಿಡಿದು ತೂತಾಗಿತ್ತು. ತೂತು ಕಿರುಬೆರಳಿನಷ್ಟು, ಆದರೆ ಅದರ ಮೇಲೆ ಹರಿಯುವ ನೀರು ಕಿರಿದಲ್ಲ. ಲೆಕ್ಕ ಸುಲಭ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ಹತ್ತು ಮೀಟರು ಉದ್ದ, ಆರು ಮೀಟರು ಅಗಲದ ಮಾಡಿನ ಮೇಲೆ ಒಂದು ರಾತ್ರಿ ೫೦ ಮಿಲಿಮೀಟರು ಮಳೆ ಸುರಿದರೆ ೩,೦೦೦ ಲೀಟರು ನೀರು ಆ ದೋಣಿಯ ದಾರಿ ಹಿಡಿಯುತ್ತದೆ. ಅದರಲ್ಲಿ ನೂರರಲ್ಲೊಂದು ಪಾಲು ಗೋಡೆಯೊಳಗೆ ಇಳಿದರೂ ಎರಡು ಕೊಡ ನೀರು. ಹೀಗೆ ಎಷ್ಟು ಮಳೆಗಾಲ! ನೆನೆದ ಗೋಡೆಯೊಳಗೆ ಹುದುಗಿದ್ದ ತೊಲೆಯ ತುದಿ ಮೆತ್ತಗಾಯಿತು. ತೇವವಿರುವ ಕಡೆಯನ್ನು ಹುಡುಕಿಕೊಂಡು ಬರುವುದೇ ಗೆದ್ದಲಿನ ಸ್ವಭಾವ.

ಇಲ್ಲಿ ನಮ್ಮ ತಂದೆಯವರ ಪಾತ್ರವೂ ಸ್ವಲ್ಪ ಉಂಟು. ೧೯೯೮ರಲ್ಲಿ ಮನೆ ಗಟ್ಟಿಯಾಗಲೆಂಬ ಸದುದ್ದೇಶದಿಂದ ಅವರು ಹೊರಗೋಡೆಯ ಸುಣ್ಣದ ಗಾರೆಯನ್ನು ಕೆತ್ತಿಸಿ ಸಿಮೆಂಟಿನ ಗಿಲಾವು ಮಾಡಿಸಿದ್ದರು. ಸುಣ್ಣದ ಗುಣವನ್ನು ನೀವು ರಸಾಯನಶಾಸ್ತ್ರದ ಪಾಠದಲ್ಲಿ ಓದುತ್ತೀರಿ: ಸುಟ್ಟ ಸುಣ್ಣದ ಕಲ್ಲು ನೀರು ಕುಡಿದು ಅರಳುತ್ತದೆ, ಗೋಡೆಯನ್ನು ಸೇರಿದ ಮೇಲೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಹಾಗೆ ಕಲ್ಲಾದ ಮೇಲೂ ಅದರಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ಗೋಡೆಗೆ ತಗುಲಿದ ತೇವ ಆ ರಂಧ್ರಗಳ ಮೂಲಕ ಬಿಸಿಲಿಗೆ ಆರಿಹೋಗುತ್ತದೆ. ಸಿಮೆಂಟಿನ ದಟ್ಟವಾದ ಪದರ ಹಾಗೆ ಆರಗೊಡುವುದಿಲ್ಲ. ಹೊರಗೆ ಹೋಗಲು ದಾರಿ ಕಾಣದ ನೀರು ಗೋಡೆಯ ಉಪ್ಪನ್ನು ಹೊತ್ತುಕೊಂಡು ಒಳಮೈಗೆ ಬರುತ್ತದೆ. ಅದೇ ನಾವು ಕಂಡ ಬಿಳಿಯ ಹೂವು. ಈಗ ನಾನು ಒಳಮೈಗೂ ನೀರು ನುಗ್ಗದ ಬಣ್ಣ ಬಳಿಸಿ ಆ ದಾರಿಯನ್ನೂ ಮುಚ್ಚಿಸಿದ್ದೆ. ಜ್ವರ ಬಂದವನಿಗೆ ಹೊಸ ಅಂಗಿ ತೊಡಿಸಿ ಬೆವರೂ ಬಾರದಂತೆ ಗುಂಡಿ ಹಾಕಿದ ಹಾಗಾಯಿತು.

ಮೇಸ್ತ್ರಿ ಹೋದ ನಾಲ್ಕನೆಯ ದಿನ ದಲ್ಲಾಳಿ ಒಂದು ಸಂಸಾರವನ್ನು ಕರೆತಂದರು. ಬಸ್ಸಿನ ನಿರ್ವಾಹಕರಾಗಿದ್ದ ಒಬ್ಬರು, ಅವರ ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ. ಬ್ಯಾಂಕಿನ ಸಾಲಕ್ಕೆ ಓಡಾಡುತ್ತಿದ್ದರು. ಹದಿನಾಲ್ಕು ವರ್ಷ ಬಾಡಿಗೆ ಮನೆಗಳಲ್ಲಿ ಇದ್ದವರು. ಮಕ್ಕಳು ಹಿತ್ತಿಲಿಗೆ ಓಡಿದರು. ತಾಯಿ ಮಾತ್ರ ಏದುಸಿರು ಬಿಡುತ್ತ ಆ ಬೆಳ್ಳಗಿನ ಗೋಡೆಯ ಕೋಣೆಗೆ ಬಂದು, ಗೋಡೆಗೆ ಒರಗಿ ಕುಳಿತು, ಅಂಗೈಯಿಂದ ಅದನ್ನು ಸವರಿ, “ಎಷ್ಟು ತಂಪಾಗದೆ! ನಂಗೆ ಈ ಕೋಣೇನೆ ಇರಲಪ್ಪ” ಎಂದು ಮಗನಿಗೆ ಹೇಳಿದರು. ಅವರ ತಲೆಯ ಮೇಲೆ ಸರಿಯಾಗಿ ತೊಲೆಯ ಆ ತುದಿ ಇತ್ತು. ನಾನು ಆಗಲೂ ಬಾಯಿ ಬಿಡಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಅವರು ಮುಂಗಡದ ಹಣವನ್ನು ಎತ್ತಿದಾಗ ಮಾತ್ರ, ತಮ್ಮ ತಂಗಿಯರನ್ನು ಕೇಳಬೇಕೆಂಬ ನೆಪ ಹೇಳಿ ಎರಡು ದಿನದ ಅವಧಿ ಪಡೆದೆ.

ಆ ಎರಡು ದಿನಗಳಲ್ಲಿ ನಾನು ಮಾಡಿದ ಮೊದಲ ಕೆಲಸವೆಂದರೆ ಕಾನೂನನ್ನು ಓದಿದುದು. ಮನಸ್ಸಾಕ್ಷಿ ಹೇಳಿದ್ದನ್ನು ಕಾನೂನಿನ ಬಾಯಿಂದಲೂ ಕೇಳಬೇಕೆನ್ನುವುದು ಮೇಷ್ಟ್ರುಗಳ ಚಾಳಿ. ನಮ್ಮ ದೇಶದ ಸ್ವತ್ತು ವರ್ಗಾವಣೆ ಅಧಿನಿಯಮ ೧೮೮೨ರದು. ಅದರ ೫೫ನೆಯ ಪ್ರಕರಣದಲ್ಲಿ ಮಾರುವವನ ಹೊಣೆಗಳನ್ನು ಹೇಳುವಾಗ ಮೊಟ್ಟಮೊದಲು ಬರುವುದೇ ಈ ವಿಷಯ. ಬೇರೆ ಕರಾರು ಇಲ್ಲದಿದ್ದಲ್ಲಿ, ತನಗೆ ತಿಳಿದಿದ್ದು ಕೊಳ್ಳುವವನಿಗೆ ತಿಳಿಯದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಅವನು ಕಂಡುಹಿಡಿಯಲಾರದ ಮುಖ್ಯವಾದ ದೋಷವನ್ನು ಮಾರುವವನು ತಾನಾಗಿ ತಿಳಿಸತಕ್ಕದ್ದು; ತಿಳಿಸದಿರುವುದು ವಂಚನೆಯೆನಿಸುತ್ತದೆ. ಇದರ ಹಿಂದಿರುವ ವಿವೇಕವನ್ನು ಗಮನಿಸಿ. ಕಣ್ಣಿಗೆ ಕಾಣುವ ದೋಷವನ್ನು ನೋಡಿಕೊಳ್ಳುವುದು ಕೊಳ್ಳುವವನ ಹೊಣೆ. ಕಾಣದ ದೋಷವನ್ನು ಹೇಳುವುದು ಮಾರುವವನ ಹೊಣೆ. ಹಾಗಾದರೆ ನಾನು ಬಣ್ಣ ಹೊಡೆಸಿ ಮಾಡಿದ್ದೇನು? ಕಲೆಯಿದ್ದಷ್ಟು ದಿನ ಗೋಡೆ ತನ್ನ ಕಥೆಯನ್ನು ತಾನೇ ಹೇಳುತ್ತಿತ್ತು. ನಾನು ಸುಮ್ಮನಿದ್ದರೂ ಅದು ಸುಳ್ಳಾಗುತ್ತಿರಲಿಲ್ಲ. ಬಣ್ಣ ಆ ಕಾಣುವ ದೋಷವನ್ನು ಕಾಣದ ದೋಷವನ್ನಾಗಿ ಮಾಡಿತು. ಗೋಡೆಯ ಬಾಯನ್ನು ನಾನು ಮುಚ್ಚಿಸಿದ ಮೇಲೆ ಅದು ಹೇಳಬೇಕಾದ ಮಾತನ್ನು ನಾನು ಹೇಳಲೇಬೇಕಾಯಿತು. ದುರಸ್ತಿಗೂ ಮರೆಮಾಚುವಿಕೆಗೂ ಇರುವ ವ್ಯತ್ಯಾಸ ಇದೇ ಎಂದು ನನ್ನ ಅಭಿಪ್ರಾಯ. ದುರಸ್ತಿಯಾದ ಮೇಲೆ ಹೇಳಬೇಕಾದ ಮಾತು ಕಡಿಮೆಯಾಗುತ್ತದೆ. ಮರೆಮಾಚಿದ ಮೇಲೆ ಅದು ಹೆಚ್ಚುತ್ತದೆ.

ಇಷ್ಟನ್ನು ತಿಳಿದುಕೊಂಡು ತಮ್ಮನಿಗೆ ಹೇಳಿದೆ. ಅವನ ವಾದವನ್ನು ಹಗುರವಾಗಿ ಕಾಣುವಂತಿಲ್ಲ. “ಅಣ್ಣಯ್ಯ, ನಿನಗೆ ಪಿಂಚಣಿ ಬರುತ್ತೆ. ನಾನು ಮಗಳ ಕಾಲೇಜಿಗೆ ಹಣ ಕಟ್ಟಬೇಕು. ಮನೆ ನಿನ್ನೊಬ್ಬನದಾಗಿದ್ದರೆ ನೀನು ಧರ್ಮಕ್ಕೇ ಕೊಡಬಹುದಿತ್ತು. ನನ್ನ ಪಾಲಿನಲ್ಲಿ ನೀನು ಹರಿಶ್ಚಂದ್ರನಾಗುವುದು ಯಾವ ನ್ಯಾಯ?” ಎಂದ. ಈ ಪ್ರಶ್ನೆಗೆ ನನ್ನಲ್ಲಿ ಸಿದ್ಧವಾದ ಉತ್ತರವಿರಲಿಲ್ಲ, ಈಗಲೂ ಪೂರ್ತಿಯಾಗಿ ಇಲ್ಲ. ಇತರರ ಹಣದಲ್ಲಿ ಸತ್ಯವಂತನಾಗುವುದು ಸುಲಭ. ನೀತಿಯನ್ನು ಕುರಿತು ಬರೆಯುವವರು ಈ ಸಂಗತಿಯನ್ನು ಸಾಮಾನ್ಯವಾಗಿ ದಾಟಿಹೋಗುತ್ತಾರೆ. ನಾನು ತೊಲೆಯ ಖರ್ಚನ್ನು ಪೂರ್ತಿಯಾಗಿ ನನ್ನ ಪಾಲಿನಿಂದ ಹಿಡಿದುಕೊಳ್ಳಲು ಹೇಳಿದೆ. ಆಗ ಅದುವರೆಗೆ ಸುಮ್ಮನಿದ್ದ ತಂಗಿ, “ಮನೆ ಮೂರು ಪಾಲಾದರೆ ತೊಲೆಯೂ ಮೂರು ಪಾಲು, ಅಣ್ಣಯ್ಯ. ನಾಳೆ ಏನಾದರೂ ಬಿದ್ದರೆ ಆ ಪಾಪವನ್ನು ನೀನೊಬ್ಬನೇ ಹೊರುತ್ತೀಯಾ?” ಎಂದಳು. ಮೇಸ್ತ್ರಿ ಹೇಳಿದ ಅಂದಾಜು ೮೫,೦೦೦ ರೂಪಾಯಿ. ತಮ್ಮ ತನ್ನ ಪಾಲು ಕೊಟ್ಟ. ಸಂತೋಷದಿಂದ ಕೊಟ್ಟನೆಂದು ಹೇಳಲಾರೆ. ಹಬ್ಬಕ್ಕೆ ಸೇರಿದಾಗ ಆ ತೊಲೆಯ ಮಾತು ಈಗಲೂ ಒಮ್ಮೊಮ್ಮೆ ಬರುತ್ತದೆ.

ನಿರ್ವಾಹಕರಿಗೆ ವಿಷಯವನ್ನೆಲ್ಲ ತಿಳಿಸಿದೆವು. ಅವರು ಸಿಟ್ಟಾಗಲಿಲ್ಲ, ಸ್ವಲ್ಪ ಹೊತ್ತು ಸುಮ್ಮನಿದ್ದು, ಕೆಲಸ ನಡೆಯುವಾಗ ತಾವೂ ಬಂದು ನೋಡಬಹುದೆ ಎಂದು ಕೇಳಿದರು. ರಜೆಯ ದಿನಗಳಲ್ಲಿ ಬಂದು ನೋಡಿದರು. ಜಂತೆಗಳ ಅಡಿಯಲ್ಲಿ ಎರಡೂ ಬದಿಗೆ ಊರೆಗೋಲುಗಳನ್ನು ನಿಲ್ಲಿಸಿ, ಹಳೆಯ ತೊಲೆಯನ್ನು ಬಿಡಿಸಿ, ಬೇರೆ ತೊಲೆಯನ್ನು ಕೂರಿಸುವುದಕ್ಕೆ ಆರು ದಿನ ಹಿಡಿಯಿತು. ಆ ಹೊಸ ತೊಲೆಯೂ ಹಳೆಯದೇ. ಅದರ ಕಥೆ ಹೇಳುವಂಥದು.

ನಮ್ಮ ಬೀದಿಯಲ್ಲಿಯೇ ಇದ್ದ ಇನ್ನೊಂದು ಮನೆಯನ್ನು ಅದರ ಒಡೆಯರು ೨೦೧೭ರಲ್ಲಿ ಮಾರಿದ್ದರು. ಮಾರುವ ಮೊದಲು ಹಲವು ಲಕ್ಷ ಸುರಿದರು. ಕೆಂಪು ಕಾವಿಯ ಕನ್ನಡಿಯಂಥ ನೆಲದ ಮೇಲೆ ಹೊಳೆಯುವ ಟೈಲ್ಸ್ ಹಾಸಿದರು. ಜಂತೆಗಳನ್ನು ಹುಸಿ ಚಾವಣಿಯಿಂದ ಮುಚ್ಚಿದರು. ಅಡಿಗೆಮನೆಗೆ ಗ್ರಾನೈಟಿನ ಕಟ್ಟೆ ಹಾಕಿಸಿದರು. ಬಣ್ಣದ ದೀಪಗಳನ್ನು ತೂಗಿಸಿದರು. ಕೊಂಡವರು ಒಂದೇ ವಾರದಲ್ಲಿ ಜೆಸಿಬಿ ತರಿಸಿದರು. ಅವರಿಗೆ ಬೇಕಾಗಿದ್ದುದು ಅಂಗಡಿ ಸಾಲು ಕಟ್ಟಲು ನಿವೇಶನ, ಮನೆಯಲ್ಲ. ಹೊಸ ಟೈಲ್ಸು, ಚಾವಣಿ ಎಲ್ಲವೂ ಲಾರಿಯಲ್ಲಿ ಹಳ್ಳ ತುಂಬಲು ಹೋದುವು. ಬೆಲೆ ಬಂದದ್ದು ಅವರು ಮುಚ್ಚಿದ್ದ ತೊಲೆ ಜಂತೆಗಳಿಗೆ, ಬಾಗಿಲುವಾಡಗಳಿಗೆ. ಹಳೆಯ ಮರದ ಅಂಗಡಿಯಲ್ಲಿ ನಮ್ಮ ಮೇಸ್ತ್ರಿ ಆರಿಸಿದ ಹೊನ್ನೆಯ ತೊಲೆ ಆ ಮನೆಯದೇ ಎಂದು ಅಂಗಡಿಯವನು ಹೇಳಿದ. ಮಾರುವ ಮನೆಗೆ ಹಣ ಹಾಕುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಕೊಳ್ಳುವವರು ಇಲ್ಲಿ ಬಾಳುವವರೋ, ಇದನ್ನು ಕೆಡಹುವವರೋ? ಕೆಡಹುವವರಾದರೆ ಒಂದು ರೂಪಾಯಿಯ ಸುಣ್ಣವೂ ದಂಡ. ಬಾಗಿಲು, ಕಂಬ, ಹೆಂಚುಗಳನ್ನು ಬಿಡಿಸಿಕೊಂಡು ಬೇಕಾದವರಿಗೆ ಕೊಡುವುದು ಮೇಲು. ಬಾಳುವವರಾದರೆ ಅವರ ಕಣ್ಣಿಗಿಂತ ಮೊದಲು ಅವರ ತಲೆಯನ್ನು ಕಾಯಬೇಕು.

ಆದುದರಿಂದ ನಾವು ಹಣವನ್ನು ಕಣ್ಣಿಗೆ ಬೀಳದ ಕಡೆಗಳಲ್ಲಿಯೇ ಹಾಕಿದೆವು. ತಗಡಿನ ದೋಣಿಯನ್ನು ಹೊಸದಾಗಿ ಮಾಡಿಸಿದೆವು. ಆ ಹೊರಗೋಡೆಯ ಸಿಮೆಂಟನ್ನು ಕೆತ್ತಿಸಿ ಮತ್ತೆ ಸುಣ್ಣದ ಗಾರೆ ಮಾಡಿಸಿದೆವು. ಒಳಗೋಡೆಯ ನನ್ನ ಹಾಲುಬಣ್ಣವನ್ನು ಕೆರೆಸಿ, ಗೋಡೆ ಆರುವವರೆಗೂ ಹಾಗೆಯೇ ಬಿಟ್ಟೆವು. ವಿದ್ಯುತ್ತಿನ ತಂತಿಗಳು ಮರದ ಪಟ್ಟಿಯೊಳಗೆ ನಲವತ್ತು ವರ್ಷದಿಂದ ಮಲಗಿದ್ದುವು. ಭೂಸಂಪರ್ಕದ ತಂತಿಯೇ ಇರಲಿಲ್ಲ. ಅವನ್ನು ತೆಗೆಸಿ, ವಿದ್ಯುತ್ತು ಎಲ್ಲಿಯಾದರೂ ಸೋರಿದರೆ ತಾನೇ ಕಡಿದುಹೋಗುವ ಸ್ವಿಚ್ಚಿನ ಸಮೇತ ಹೊಸದಾಗಿ ಹಾಕಿಸಿದೆವು. ಹಳೆಯ ಬಾಗಿಲುಗಳ ಹಸಿರು ಬಣ್ಣವನ್ನು ಉಜ್ಜಿಸಬೇಕೆಂದಿದ್ದೆ, ಅದನ್ನು ಕೈಬಿಟ್ಟೆ. ಹಿಂದಿನ ಎಣ್ಣೆಬಣ್ಣಗಳಲ್ಲಿ ಸೀಸವಿರುತ್ತಿತ್ತು. ಮನೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ ೯೦ ಭಾಗವನ್ನು ಮೀರಕೂಡದೆಂಬ ನಿಯಮವನ್ನು ಸರ್ಕಾರ ಮಾಡಿದ್ದು ೨೦೧೬ರಲ್ಲಿ, ಅದು ಜಾರಿಗೆ ಬಂದದ್ದು ೨೦೧೭ರ ನವೆಂಬರಿನಲ್ಲಿ. ಹಳೆಯ ಬಣ್ಣವನ್ನು ಒಣಗಿದ ಹಾಗೆಯೇ ಉಜ್ಜಿದರೆ ಏಳುವ ಧೂಳು ಮಕ್ಕಳಿರುವ ಮನೆಗೆ ಒಳ್ಳೆಯದಲ್ಲ.

ಅಂದದ ವಿಷಯಕ್ಕೆ ನಾವು ಕೈ ಹಾಕಲಿಲ್ಲ. ಬೇರೆಯವರ ಬದುಕಿಗೆ ನಮ್ಮ ರುಚಿಯ ಬಣ್ಣ ಬಳಿದು ಅದಕ್ಕೂ ಅವರಿಂದಲೇ ಹಣ ವಸೂಲು ಮಾಡುವುದು ಯಾವ ನ್ಯಾಯ? ದಲ್ಲಾಳಿ, ಅಡಿಗೆಮನೆಯ ನೆಲದಲ್ಲಿ ಹೂತಿದ್ದ ಒರಳುಕಲ್ಲನ್ನು ಕೀಳಿಸಿಬಿಡಬೇಕೆಂದು ಹಟ ಹಿಡಿದಿದ್ದರು. ಕೀಳಿಸದೆ ಬಿಟ್ಟೆವು. ನಿರ್ವಾಹಕರ ತಾಯಿ ಮನೆಯಲ್ಲಿ ತಂಪಾದ ಗೋಡೆಯ ತರುವಾಯ ಮೆಚ್ಚಿದ್ದು ಅದನ್ನೇ.

ಇಷ್ಟು ಹೇಳಿದುದರಿಂದ, ಮನೆ ಮಾರುವವರೆಲ್ಲರೂ ಸಾಲ ಮಾಡಿಯಾದರೂ ದುರಸ್ತಿ ಮಾಡಿಸಲೇಬೇಕೆಂದು ನಾನು ಹೇಳುತ್ತಿರುವೆನೆಂದು ತಿಳಿಯಬೇಡಿ. ಆಸ್ಪತ್ರೆಯ ಖರ್ಚಿಗೆ, ಮಗಳ ಮದುವೆಯ ಸಾಲಕ್ಕೆ, ಬಡ್ಡಿಯ ಭಾರಕ್ಕೆ ಮನೆ ಮಾರುವವರ ಕೈಯಲ್ಲಿ ತೊಲೆಗೆಲ್ಲಿಂದ ಹಣ ಬರಬೇಕು? ಅವರು ಸೋರುವ ಮನೆಯನ್ನು ಸೋರುವ ಮನೆಯೆಂದೇ ಮಾರಲಿ. ಅದಕ್ಕೆ ತಕ್ಕ ಬೆಲೆ ಬರುತ್ತದೆ. ಕೊಂಡವರು ತಮ್ಮ ಅನುಕೂಲದಂತೆ ಸರಿಪಡಿಸಿಕೊಳ್ಳುತ್ತಾರೆ. ಗೋಡೆಯ ಮೇಲಿನ ಕಲೆಯಿಂದ ಮಾರುವವನಿಗೆ ಅವಮಾನವೇನೂ ಇಲ್ಲ. ಎಂಬತ್ತು ವರ್ಷ ಮಳೆಯಲ್ಲಿ ನಿಂತ ಗೋಡೆಯ ಮೇಲೆ ಕಲೆಯಿರದಿದ್ದರೆ ತಾನೆ ಆಶ್ಚರ್ಯ!

ಕ್ರಯಪತ್ರದ ಹಿಂದಿನ ದಿನ ನಾನು ಒಂದು ಕಾಗದದಲ್ಲಿ, ನಾವು ಸರಿಪಡಿಸದೆ ಉಳಿಸಿದ್ದನ್ನೆಲ್ಲ ಬರೆದು ನಿರ್ವಾಹಕರ ಕೈಗೆ ಕೊಟ್ಟೆ. ಉಗ್ರಾಣದ ಮೂಲೆಯ ಎರಡು ಜಂತೆಗಳಿಗೆ ಗೆದ್ದಲಿನ ಗಾಯವಿರುವುದು, ಬಚ್ಚಲಿನ ನೀರು ನಿಧಾನವಾಗಿ ಹೋಗುವುದು, ಬಾವಿಯ ರಾಟೆಯ ಕಡೆಯ ಕಟ್ಟೆ ಬಿರುಕು ಬಿಟ್ಟಿರುವುದು, ಜಗಲಿಯ ಮೇಲಿನ ಮಾಡಿನಲ್ಲಿ ಹೆಂಚು ಜಾರುವ ಜಾಗ, ಹೀಗೆ ಹನ್ನೊಂದು ಸಂಗತಿಗಳಾದುವು. ದಲ್ಲಾಳಿ ಅದನ್ನು ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡರು. ಅವರು ಮೊದಲು ಹೇಳಿದ ಬೆಲೆಗಿಂತ ಎರಡು ಲಕ್ಷ ಕಡಿಮೆಗೆ ಮನೆ ಹೋಯಿತು. ಅದರಲ್ಲಿ ಎಷ್ಟು ಪಾಲು ಆ ಕಾಗದದ ದೆಸೆಯಿಂದ, ಎಷ್ಟು ಪಾಲು ನನ್ನ ವ್ಯಾಪಾರಜ್ಞಾನದ ದೆಸೆಯಿಂದ ಎಂಬುದನ್ನು ತಮ್ಮ ಇಂದಿಗೂ ಲೆಕ್ಕ ಹಾಕುತ್ತಿದ್ದಾನೆ.

೨೦೨೨ರ ಮಳೆಗಾಲದಲ್ಲಿ ಬಂಧುಗಳ ಮನೆಯ ಕಾರ್ಯಕ್ಕೆಂದು ತಿಪಟೂರಿಗೆ ಹೋದವನು ಆ ಬೀದಿಯಲ್ಲಿ ಹಾದು ಬಂದೆ. ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದ ಮುದುಕಿ ಗುರುತು ಹಿಡಿದು ಕೂಗಿದರು, ಒಳಗೆ ಹೋಗಲೇಬೇಕಾಯಿತು. ಆ ಕೋಣೆಯಲ್ಲಿ ಅವರ ಮಂಚವಿತ್ತು. ಗೋಡೆಗೆ ಬರಿಯ ಸುಣ್ಣ ಬಳಿದಿದ್ದರು, ಕಲೆಯಿರಲಿಲ್ಲ. ಗೋಡೆಬೀರುವಿನ ಬಾಗಿಲಿನ ಒಳಮೈಗೆ ನನ್ನ ಕಾಗದವನ್ನು ಅಂಟಿಸಿದ್ದರು. ಹತ್ತು ಸಂಗತಿಗಳ ಮುಂದೆ ಕೆಂಪು ಪೆನ್ನಿನ ಗುರುತು, ಕೆಲವಕ್ಕೆ ಆದ ಖರ್ಚು, ತಾರೀಖು. ಹನ್ನೊಂದನೆಯದರ ಮುಂದೆ ಮಾತ್ರ ಏನೂ ಇರಲಿಲ್ಲ. “ಹಿತ್ತಿಲ ಬಾಗಿಲು ಮಳೆಗಾಲದಲ್ಲಿ ಉಬ್ಬಿಕೊಳ್ಳುತ್ತದೆ, ತುಸು ಮೇಲಕ್ಕೆತ್ತಿ ತಳ್ಳಬೇಕು” ಎಂದು ನಾನು ಬರೆದಿದ್ದೆ. ಅದನ್ನೇಕೆ ಬಿಟ್ಟಿರೆಂದು ಕೇಳಿದೆ. “ಅದೇನು ಬಿಡಿ ಮೇಷ್ಟ್ರೇ, ಎಲ್ಲರಿಗೂ ರೂಢಿಯಾಗಿಹೋಗಿದೆ” ಎಂದು ನಿರ್ವಾಹಕರು ನಕ್ಕರು. ಕಾಫಿ ಕುಡಿದು ಕೈ ತೊಳೆಯಲು ಹಿತ್ತಿಲಿಗೆ ಹೊರಟ ನಾನು, ಯಾರೂ ಹೇಳದೆಯೇ, ಬಾಗಿಲನ್ನು ತುಸು ಮೇಲಕ್ಕೆತ್ತಿ ತಳ್ಳಿದೆ.